ಹತ್ತನೇ ಮಷಿನ್ನು

ಬಳ್ಳಾರಿ ಕೌಲ್ ಬಜಾರಿನ ಒಂದು ಓಣಿ,
ತಗಡಿನ ಶೆಡ್ಡು.
ಮಷಿನ್ನು ಹತ್ತು, ಮಂದಿ ಒಂಬತ್ತು.
ನಾನು ಒಂಬತ್ತನೆಯವಳು, ಮಾರೆಕ್ಕ,
ಜೀನ್ಸಿನ ಸೊಂಟಕ್ಕೆ ಪಟ್ಟಿ ಕೂಡಿಸುವವಳು.
ಬೆರಳ ಸಂದಿಯ ನೀಲಿ
ಸೋಪಿಗೆ ಬಗ್ಗಿಲ್ಲ, ಸೀಗೆಪುಡಿಗೂ ಬಗ್ಗಿಲ್ಲ.

ಹತ್ತನೆಯದಕ್ಕೆ ಒಂದು ಫ್ಲೆಕ್ಸು ಹೊದಿಸಿದ್ದಾರೆ,
ಹೋದ ಚುನಾವಣೆಯದು.
'ಯುವಕರ ಕೈಗೆ ಕೆಲ' ತನಕ ಓದಬಹುದು,
ಉಳಿದದ್ದು ಮಡಿಕೆಯೊಳಗೆ.
ಸೂಜಿಯ ಕಂಬ ಎದ್ದು ನಿಂತಲ್ಲಿ
ಕೈಮುಗಿದವರ ಮೂಗು ಉದ್ದವಾಗಿದೆ.

ಮೆಹಬೂಬ್ ಪಾಷಾ ಕೆಟ್ಟವರಲ್ಲ.
ಹಬ್ಬಕ್ಕೆ ಸುರಕುಂಬಾ ಕಳಿಸುತ್ತಾರೆ, ಜ್ವರ ಬಂದರೆ ಗುಳಿಗೆ.
"ಹತ್ತನೆಯವನು ಕೂತ ದಿನ
ಇದು ಶೆಡ್ಡಲ್ಲ, ಕಾರ್ಖಾನೆ ಆಗತೈತಮ್ಮ.
ರಿಜಿಸ್ಟರು, ಇನ್‌ಸ್ಪೆಕ್ಟರು, ಅವರ ಚಾ, ಅವರ ಪೆಟ್ರೋಲು"
ಅಂತ ಬೆರಳು ಮಡಚುತ್ತಾ ಹೋಗಿ
ಕಿರುಬೆರಳೊಂದನ್ನು ಹಾಗೇ ಬಿಡುತ್ತಾರೆ.
ಪ್ಲೈವುಡ್ಡಿನ ಗೋಡೆಯಾಚೆ ಇನ್ನೊಂದು ಶೆಡ್ಡು,
ಹೆಂಡತಿಯ ಹೆಸರಲ್ಲಿ. ಅಲ್ಲೂ ಒಂಬತ್ತು.
ಎರಡಕ್ಕೂ ದೊಡ್ಡ ಕತ್ತರಿ ಒಂದೇ,
ಗೋಡೆಯ ತೂತಿನಿಂದ ಆಚೀಚೆ ಹಾಯುತ್ತದೆ.

ನನ್ನ ತಮ್ಮ ಯರಿಸ್ವಾಮಿ, ಐಟಿಐ ಫಿಟ್ಟರು.
ತೋರಣಗಲ್ಲಿನಲ್ಲಿ ಒಂದು ವರ್ಷ ಅಪ್ರೆಂಟಿಸು,
ಆಮೇಲೆ ಗೇಟಿನವನು ಪಾಸು ಇಸಿದುಕೊಂಡ.
ಈಗ ದಿನಾ ನನಗೆ ಬುತ್ತಿ ತರುತ್ತಾನೆ.
ಕ್ಯಾರಿಯರು ಇಟ್ಟು ಆ ಫ್ಲೆಕ್ಸನ್ನೇ ನೋಡುತ್ತಾ ನಿಲ್ಲುತ್ತಾನೆ,
ಬಸ್ಸು ಇನ್ನೇನು ಬಂತು ಎಂಬಂತೆ.

ಬೇಸಿಗೆಯಲ್ಲಿ ಲೇಬರ್ ಆಫೀಸಿನಲ್ಲಿ ಸಭೆ ಕರೆದರು:
ಹತ್ತು ಅನ್ನುವುದನ್ನು ಇಪ್ಪತ್ತು ಮಾಡಬೇಕೋ ಬೇಡವೋ.
ಮಾಲೀಕರಿಗೆ ಒಂದು ಸಾಲು ಕುರ್ಚಿ, ಸಂಘದವರಿಗೆ ಒಂದು,
ಸಾಹೇಬರಿಗೆ ಟವೆಲು ಹೊದಿಸಿದ್ದು.
ನನ್ನನ್ನೂ ಕರೆದೊಯ್ದರು, ತಲೆಯೆಣಿಕೆಗೆ.
ಯರಿಸ್ವಾಮಿ ಹೊರಗೆ ಬೇವಿನ ಮರದ ಕೆಳಗೆ.
ಕೆಲಸವಿಲ್ಲದವರಿಗೆ ಸಂಘವಿಲ್ಲ,
ಸಂಘವಿಲ್ಲದವರಿಗೆ ಕುರ್ಚಿ ಯಾರು ಹಾಕುತ್ತಾರೆ?

ಕಾಮ್ರೇಡ್ ದೊಡ್ಡಬಸಪ್ಪ ಎದ್ದರು.
ವಾಷಿಂಗ್ ಯೂನಿಟ್ಟಿನ ಬಾಯ್ಲರು ಸಿಡಿದ ವರ್ಷ
ಸುಟ್ಟ ಇಬ್ಬರನ್ನು ಆಟೋದಲ್ಲಿ ತೊಡೆಯ ಮೇಲೆ ಹಾಕಿಕೊಂಡು
ಆಸ್ಪತ್ರೆಗೆ ಒಯ್ದವರು.
"ಇವತ್ತು ಒಂಬತ್ತು ಮಂದಿಗೆ ಸಂಡಾಸಿಲ್ಲ.
ಇಪ್ಪತ್ತು ಮಾಡ್ರಿ, ನಾಳೆ ಹತ್ತೊಂಬತ್ತು ಮಂದಿಗೆ ಇರಂಗಿಲ್ಲ."
ಖರೆ. ನಾನು ಬೆಳಗಿನ ಚಾ ಬಿಟ್ಟು ಆರು ವರ್ಷ.

ಪಾಷಾ ಎದ್ದರು.
"ಇಪ್ಪತ್ತು ಮಾಡಿ, ನಾಳೇನೇ ಆ ಹುಡುಗನ್ನ ಕೂಡಿಸ್ತೀನಿ."
ಕಿಟಕಿಯಾಚೆ ಕೈ ತೋರಿಸಿದರು.
ಅದೂ ಖರೆ.
ಸಾಹೇಬರು ಚಾದಲ್ಲಿ ಬಿಸ್ಕತ್ತು ಅದ್ದಿ
ಅದು ಮುರಿದು ಮುಳುಗಿ
ಚಮಚಕ್ಕಾಗಿ ಸುತ್ತ ನೋಡಿದರು.

"ಬೇಕನ್ನುವವರು ಕೈ ಎತ್ರಿ."
ನನ್ನ ಕೈ ಮಡಿಲಲ್ಲಿತ್ತು.
ಎತ್ತಿದರೆ ತಮ್ಮನಿಗೆ ಒಂದು ಸ್ಟೂಲು.
ಎತ್ತಿದರೆ ನನ್ನ ಹೆಸರು ಇನ್ನು ಯಾವ ರಿಜಿಸ್ಟರಿಗೂ ಬರುವುದಿಲ್ಲ,
ಹತ್ತನೆಯದರಲ್ಲಿ ಕೈ ಪಳಗಿದ, ಕಣ್ಣು ಚುರುಕಿರುವ
ಯಾವನೋ ಹುಡುಗ
ಒಂದು ಬೆಳಿಗ್ಗೆ ನನ್ನ ಸ್ಟೂಲನ್ನೂ ಎಳೆದುಕೊಳ್ಳಬಹುದು.
ಅವನ ಹೆಸರು ಯರಿಸ್ವಾಮಿ ಅಂತಲೂ ಇರಬಹುದು.
ನೀಲಿ ಬೆರಳು ಎಣಿಸುತ್ತಾ ಕೂತೆ.
ವರದಿಯಲ್ಲಿ ಬರೆದರಂತೆ: ಒಮ್ಮತ ಮೂಡಲಿಲ್ಲ.
ಆ ಮೂಡದಿದ್ದದ್ದು ನನ್ನ ಕೈ.

ಎಮ್ಮೆಲ್ಲೆ ಓಟಿಗೆ ಬಂದಾಗ ತಮ್ಮ ಕೇಳಿಯೇಬಿಟ್ಟ.
"ಮಾಡೋಣ, ಎಲೆಕ್ಷನ್ ಮುಗೀಲಿ."
ಜೀಪು ಹತ್ತುವಾಗ ಜೊತೆಗಿದ್ದವನು ಅಂದದ್ದು ನನ್ನ ಕಿವಿಗೂ ಬಿತ್ತು:
"ಮುಟ್ಟಬ್ಯಾಡ್ರಿ ಸರ. ಅಕ್ಕನ ಓಟು, ತಮ್ಮನ ಓಟು
ಒಂದೇ ಮನ್ಯಾಗ ಅದಾವ. ಒಂದು ಬಂದ್ರ ಒಂದು ಹೋಗತೈತಿ."

ರಾತ್ರಿ ರೊಟ್ಟಿ ಮುರಿಯುತ್ತಾ ಕೇಳಿದ,
"ಅಕ್ಕಾ, ಅವತ್ತು ಕೈ ಎತ್ತಿದ್ಯಾ?"
ಪುಂಡಿಪಲ್ಯ ಇನ್ನಷ್ಟು ಬಡಿಸಿದೆ.
ಅವನು ಮತ್ತೆ ಕೇಳಲಿಲ್ಲ.
ಕೇಳಬೇಕಿತ್ತು.

ಶುಕ್ರವಾರ ಹತ್ತನೆಯದಕ್ಕೆ ಎಣ್ಣೆ ಬಿಡುವುದು ನನ್ನ ಪಾಳಿ,
ತುಕ್ಕು ಹಿಡಿಯಬಾರದಂತೆ.
ಫ್ಲೆಕ್ಸು ಎತ್ತುತ್ತೇನೆ, ಮೂರು ಹನಿ,
ಚಕ್ರ ತಿರುಗಿಸುತ್ತೇನೆ.
ದಾರವಿಲ್ಲದ ಸೂಜಿ ಏಳುತ್ತದೆ, ಇಳಿಯುತ್ತದೆ.
ಸದ್ದು ಇನ್ನೂ ಹೊಸ ಮಷಿನ್ನಿನದೇ.